ದೊಡ್ಡಮ್ಮನ ಪೌರತ್ವ

ನಮ್ಮ ಮನೆಯಲ್ಲಿ ಈ ದೇಶದ ಪ್ರಜೆಯಾಗುವ ಅರ್ಹತೆ ಇದ್ದದ್ದು ಅಮ್ಮ ಒಬ್ಬಳಿಗೇ. ಅದಕ್ಕೆ ಕಾರಣ ಬಹಳ ಸರಳ. ಅಮ್ಮ ಎಲ್ಲಿಗೂ ಹೋಗುತ್ತಿರಲಿಲ್ಲ.

ಅಪ್ಪನದು ಲಾರಿ. ವಾರಕ್ಕೆ ಎರಡು ಸಲ ಗಡಿ ದಾಟಿ ಪಕ್ಕದ ದೇಶದಲ್ಲಿ ಟೈಲ್ಸ್ ಇಳಿಸಿ ಬರುತ್ತಾನೆ. ಅರ್ಜಿ ಹಾಕುವ ಮುಂಚಿನ ಐದು ವರ್ಷದಲ್ಲಿ ನೂರೈವತ್ತು ದಿನಕ್ಕಿಂತ ಹೆಚ್ಚು ದೇಶದ ಹೊರಗೆ ಇರಕೂಡದು ಎಂಬುದು ಇಲ್ಲಿನ ಕಾನೂನು. ಅಪ್ಪನ ದಿನಗಳನ್ನು ಕೂಡಿಸಿ ನೋಡಿದರೆ ನಾನ್ನೂರು ದಾಟಿತ್ತು.

"ನಾನು ಹೊರಗೆ ಹೋಗಿದ್ದು ಯಾರ ಟೈಲ್ಸ್ ಹೊತ್ಕೊಂಡು? ಇವರದ್ದೇ ತಾನೆ?" ಎಂದು ಅಪ್ಪ ಕೂಗಾಡಿದ. "ಆ ಟೈಲ್ಸಿಗೆ ಬೇಕಾದ್ರೆ ಪಾಸ್‌ಪೋರ್ಟ್ ಕೊಡ್ತಾರೆ, ನನಗೆ ಕೊಡಲ್ಲ."

ಅಪ್ಪನ ತಾಯಿ, ನಮ್ಮ ಅಜ್ಜಿ, ಬಂದು ಮೂರು ವರ್ಷವಷ್ಟೇ ಆಗಿತ್ತು. ಇನ್ನು ನಾನು. ನನ್ನದು ಸ್ವಂತ ಅರ್ಜಿಯಲ್ಲ, ಅಮ್ಮನ ಅರ್ಜಿಯ ಬಾಲ. ಹದಿನೆಂಟು ತುಂಬುವುದರೊಳಗೆ ತಾಯಿಗೆ ಪೌರತ್ವ ಸಿಕ್ಕರೆ ಮಗುವಿಗೂ ಅದೇ ದಿನ ಸಿಗುತ್ತದೆ. ಒಂದು ದಿನ ತಡವಾದರೂ ಹೊಸ ಅರ್ಜಿ, ಹೊಸ ಸರತಿ, ಕಡಿಮೆಯೆಂದರೆ ಮೂರು ವರ್ಷ. ನನಗೆ ಆ್ಯಂಬುಲೆನ್ಸ್ ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಊರೆಲ್ಲ ಹಾದಿ ಬಿಡುವಂತೆ ಸೈರನ್ ಹಾಕಿಕೊಂಡು ಹೋಗಬೇಕು ಎಂಬುದು ನನ್ನ ಏಳನೇ ವಯಸ್ಸಿನ ಆಸೆ. ಆ ಶಾಲೆಯವರು ಪ್ರಜೆಗಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ.

ಅಮ್ಮನ ಪರೀಕ್ಷೆ ಮತ್ತು ಸಂದರ್ಶನದ ದಿನ ಗೊತ್ತಾದಾಗ ನನ್ನ ಹುಟ್ಟುಹಬ್ಬಕ್ಕೆ ಎಪ್ಪತ್ತು ದಿನ ಉಳಿದಿತ್ತು. ಅವಳಿಗೆ ಓದಲು ನಾಲ್ಕು ವಾರ. ಪುಸ್ತಕದಲ್ಲಿ ಇನ್ನೂರು ಪ್ರಶ್ನೆ. ಅಮ್ಮ ಓದಿದ್ದು ಏಳನೇ ಕ್ಲಾಸು.

"ಏಳನೇ ಕ್ಲಾಸಲ್ಲಿ ನಾನು ಫಸ್ಟು" ಎಂದಳು ಅಮ್ಮ.

"ಎಷ್ಟು ಜನ ಇದ್ರಿ?" ಅಜ್ಜಿ ಕೇಳಿದಳು.

"ನಾಲ್ಕು ಜನ. ಅದೆಲ್ಲ ಈಗ ಯಾಕೆ ಅತ್ತೆ?"

ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅಮ್ಮನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ದಿನಕ್ಕೆ ಆರುನೂರು ಹಾಸಿಗೆ ಬಟ್ಟೆ ಬಿಸಿ ರೋಲರಿನೊಳಗೆ ಹೋಗಿ ಇಸ್ತ್ರಿಯಾಗಿ ಹೊರಬರುತ್ತವೆ. ಒಳಗೆ ತಳ್ಳುವುದು ಅಮ್ಮ, ಆ ಕಡೆ ಮಡಿಸುವುದು ಅವಳ ಗೆಳತಿ. ಆಕೆಯದು ಮತ್ಯಾವುದೋ ದೇಶ, ಮತ್ಯಾವುದೋ ಭಾಷೆ, ಪೌರತ್ವ ಸಿಕ್ಕಿ ಎರಡು ವರ್ಷ. ಅಮ್ಮ ಒಂದು ಬಟ್ಟೆ ತಳ್ಳಿ ಪ್ರಶ್ನೆ ಕೂಗುತ್ತಿದ್ದಳು, ಬಟ್ಟೆ ಆ ಕಡೆ ಬರುವುದರೊಳಗೆ ತಾನೇ ಉತ್ತರ ಹೇಳಬೇಕು. ತಪ್ಪಾದರೆ ಗೆಳತಿ ಆ ಬಟ್ಟೆಯನ್ನು ಮಡಿಸದೆ ವಾಪಸು ಎಸೆಯುತ್ತಿದ್ದಳು. ಮೊದಲ ವಾರ ಲಾಂಡ್ರಿಯಲ್ಲಿ ಬೆಟ್ಟದಷ್ಟು ಬಟ್ಟೆ ವಾಪಸು ಬಿತ್ತು.

ಮನೆಯಲ್ಲಿ ಪ್ರಶ್ನೆ ಕೇಳುವುದು ನನ್ನ ಪಾಳಿ. ಅಜ್ಜಿ ಬೇಳೆ ಆರಿಸುತ್ತ ಕೂತಿರುತ್ತಿದ್ದಳು.

"ಸಂಸತ್ತಿನಲ್ಲಿ ಎಷ್ಟು ಸದನ?"

"ಎರಡು. ಮೇಲ್ಮನೆ, ಕೆಳಮನೆ" ಎಂದಳು ಅಮ್ಮ, ಬಾಣಲೆಯಲ್ಲಿ ಈರುಳ್ಳಿ ತಿರುವುತ್ತ. "ಇದನ್ನ ಮರೆಯೋದೇ ಇಲ್ಲ. ಮೇಲ್ಮನೆಯವರು ದಡಬಡ ಸದ್ದು ಮಾಡ್ತಾರೆ, ಕೆಳಮನೆಯವರು ಸಹಿಸ್ಕೋತಾರೆ. ನಮ್ಮ ಬಿಲ್ಡಿಂಗ್ ಥರ."

"ಕಾನೂನು ಮಾಡೋರು ಯಾರು?"

ಅಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ, "ಕೆಳಮನೆ ಮಾಡುತ್ತೆ, ಮೇಲ್ಮನೆ ಒಪ್ಪುತ್ತೆ, ಆಮೇಲೆ ಸಹಿ ಬೀಳುತ್ತೆ" ಎಂದು ಬೇಳೆಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು.

ನಾವಿಬ್ಬರೂ ಅವಳನ್ನೇ ನೋಡಿದೆವು. ಅಜ್ಜಿಗೆ ಇಲ್ಲಿನ ಭಾಷೆಯಲ್ಲಿ ಬರುತ್ತಿದ್ದದ್ದು 'ಬಸ್ಸು', 'ಎಷ್ಟು', 'ಬೇಡ' ಮೂರೇ ಮಾತು. ನಾನು ಅಮ್ಮನಿಗೆ ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುತ್ತಿದ್ದದ್ದನ್ನೇ ಕೇಳಿ ಕೇಳಿ ಪುಸ್ತಕವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು.

"ಅತ್ತೆ, ನಿಮಗೆ ಈ ಪೌರತ್ವ ಬೇಡ ಅಂದಿದ್ರಲ್ಲ?"

"ಬೇಡವೇ ಬೇಡ. ಹುಟ್ಟಿದ ಊರಿನ ಪಾಸ್‌ಪೋರ್ಟ್ ಒಪ್ಪಿಸಿ ಬರೋದು ನನ್ನ ಕೈಲಾಗಲ್ಲ. ಹಾಗಂತ ಕಿವಿ ಮುಚ್ಕೊಂಡು ಕೂರಕ್ಕಾಗುತ್ತಾ?" ಅಜ್ಜಿ ಮೊರ ಕೊಡವಿದಳು. "ಹೆಣ್ಣು ಹುಟ್ಟಿದ ಮನೆ ಬಿಟ್ಟು ಗಂಡನ ಮನೆಗೆ ಬರೋವಾಗ ಯಾರೂ ಪರೀಕ್ಷೆ ಮಾಡಲ್ಲ. ಇವರದ್ದೊಂದು ಹೆಚ್ಚುಗಾರಿಕೆ."

"ಮಾಡಲ್ವಾ? ಇಪ್ಪತ್ತಮೂರು ವರ್ಷದಿಂದ ನೀವು ಮಾಡ್ತಾನೇ ಇದೀರಲ್ಲ ಅತ್ತೆ, ರಿಸಲ್ಟ್ ಮಾತ್ರ ಕೊಡ್ತಿಲ್ಲ."

ಅಜ್ಜಿ ನಗು ತಡೆಯಲಾರದೆ ಮೊರವನ್ನು ಮುಖಕ್ಕೆ ಅಡ್ಡ ಹಿಡಿದಳು. ಆ ನಾಲ್ಕು ವಾರ ನಮ್ಮ ಮನೆ ಮದುವೆಮನೆಯ ಹಾಗಿತ್ತು. ಅಪ್ಪ ಗಡಿಯಲ್ಲಿ ಲಾರಿಗಳ ಸಾಲಿನಲ್ಲಿ ನಿಂತಲ್ಲಿಂದ ಫೋನ್ ಮಾಡಿ, "ಬಾವುಟದಲ್ಲಿ ಎಷ್ಟು ಪಟ್ಟೆ, ಬೇಗ ಹೇಳು, ಸಾಲು ಮುಂದೆ ಹೋಗ್ತಿದೆ" ಎನ್ನುತ್ತಿದ್ದ. ಅಮ್ಮ ಸ್ನಾನದ ಮನೆಯಿಂದಲೇ ಉತ್ತರ ಕೂಗುತ್ತಿದ್ದಳು.

ಪರೀಕ್ಷೆಯ ದಿನ ಅಮ್ಮ ಒಬ್ಬಳೇ ಹೋದಳು. ಯಾರೂ ಜೊತೆಗೆ ಬರಕೂಡದೆಂದು ಕಾಗದದಲ್ಲಿತ್ತು. ಸಂಜೆ ಬರುವಾಗ ಕೈಯಲ್ಲಿ ದೊಡ್ಡದೊಂದು ಕೇಕಿನ ಡಬ್ಬಿ. ಚಪ್ಪಲಿ ಬಿಡುವ ಮೊದಲೇ ಕೂಗಿದಳು:

"ಇಪ್ಪತ್ತಕ್ಕೆ ಹತ್ತೊಂಬತ್ತು!"

ಅಪ್ಪ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಲು ಹೋಗಿ ಸೊಂಟ ಹಿಡಿದುಕೊಂಡ. ಅಜ್ಜಿ, "ಆ ಇನ್ನೊಂದು ಯಾವುದು ತಪ್ಪಾಯ್ತು?" ಎಂದು ಜಗಳಕ್ಕೆ ನಿಂತಳು. ನಾನು ಕೇಕು ಕತ್ತರಿಸಿ ತಟ್ಟೆಗಳಿಗೆ ಹಾಕಿದೆ. ಸಂದರ್ಶನ ಹೇಗಾಯಿತೆಂದು ಎಲ್ಲರೂ ಒಟ್ಟಿಗೇ ಕೇಳಿದೆವು.

"ಅದಂತೂ ಇನ್ನೂ ಚೆನ್ನಾಗಾಯ್ತು. ಒಬ್ಬ ಸಣಕಲ ಮನುಷ್ಯ. ಜೇಬಲ್ಲಿ ಎರಡು ಪೆನ್ನು. ಒಂದು ನೀಲಿ, ಒಂದು ಕೆಂಪು. ಕೆಲಸ ಕೇಳ್ದ, ಹೇಳ್ದೆ. ಬಾಡಿಗೆ ಕೇಳ್ದ, ಹೇಳ್ದೆ. ಮಕ್ಕಳೆಷ್ಟು ಅಂದ. ಇಬ್ಬರು ಹೆಣ್ಮಕ್ಕಳು ಅಂದೆ."

ನನ್ನ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. "ಇಬ್ಬರಾ?"

"ಮತ್ತೆ? ನೀನು, ಝೆರಾಕ್ಸು."

ಝೆರಾಕ್ಸ್ ಯಾರೆಂದು ಇಲ್ಲಿ ಹೇಳಬೇಕು. ಅಮ್ಮನ ತಂಗಿಯ ಮಗಳು. ಚಿಕ್ಕಮ್ಮ ಗಂಡನನ್ನು ಕಳೆದುಕೊಂಡು ದೂರದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವಾಗ ಒಂದು ವರ್ಷದ ಕೂಸನ್ನು ಅಮ್ಮನ ಮಡಿಲಿಗೆ ಹಾಕಿ ಹೋಗಿದ್ದಳು. ಆಗ ಅಮ್ಮನಿಗೆ ಮದುವೆಯಾಗಿ ಆರು ತಿಂಗಳು. ನಾನು ಹುಟ್ಟಿದ್ದು ಅದಾಗಿ ಐದು ವರ್ಷಕ್ಕೆ. ನನಗೆ ಆರು, ಅವಳಿಗೆ ಹನ್ನೆರಡು ಆಗುವ ತನಕ ಒಂದೇ ಹಾಸಿಗೆಯಲ್ಲಿ ಮಲಗಿದವರು ನಾವು. ನೋಡಲು ಥೇಟ್ ಅಮ್ಮ. ಅದೇ ಹಣೆ, ಅದೇ ಮೊಂಡು ಮೂಗು. ಅದಕ್ಕೇ ಝೆರಾಕ್ಸ್ ಎಂಬ ಹೆಸರು. ಅದಕ್ಕೆ ಸರಿಯಾಗಿ ಅವಳು ಈಗ ಊರಿನ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿಯಲ್ಲೇ ಕೆಲಸ ಮಾಡುತ್ತಾಳೆ, ಅರ್ಜಿ ಬರೆದುಕೊಡುತ್ತಾಳೆ. ನಾವು ಇಲ್ಲಿಗೆ ಬರುವಾಗ ಸ್ವಂತ ಮಕ್ಕಳಿಗೆ ಮಾತ್ರ ವೀಸಾ ಎಂದರು. ಅವಳು ಅಜ್ಜಿಯ ಜೊತೆ ಅಲ್ಲೇ ಉಳಿದಳು.

"ಅವಳು ನಿಮ್ಮನ್ನ ಏನಂತ ಕರೀತಾಳೆ ಅಂದ" ಅಮ್ಮ ಹೇಳುತ್ತಲೇ ಇದ್ದಳು. "ದೊಡ್ಡಮ್ಮ ಅಂತ ಅಂದೆ. ಹಾಗಂದ್ರೇನು ಅಂದ. ನಾನೇ ಅವರ ಭಾಷೇಲಿ ಬಿಡಿಸಿ ಹೇಳ್ದೆ. ದೊಡ್ಡ ಅಂದ್ರೆ ದೊಡ್ಡ, ಅಮ್ಮ ಅಂದ್ರೆ ಅಮ್ಮ. ದೊಡ್ಡ ಅಮ್ಮ! ಇಲ್ಲಿರೋಳು ಬರೀ ಅಮ್ಮ ಅಂತಾಳೆ ಅಂತಾನೂ ಹೇಳ್ದೆ."

"ಅಯ್ಯೋ ಅಮ್ಮಾ!"

"ಯಾಕೆ? ಫೋಟೋ ಇದ್ಯಾ ಅಂದ. ಇಲ್ದೆ ಏನು ಅಂತ ಫೋನಲ್ಲಿ ತೋರಿಸ್ದೆ. ನೋಡಿ ಸಾರ್, ನನ್ನ ಹಾಗೇ ಇದಾಳೆ ಅಲ್ವಾ ಅಂದೆ. ಹೌದು, ತುಂಬಾನೇ ಅಂದ. ಕೆಂಪು ಪೆನ್ನು ತೆಗೆದು ಏನೇನೋ ಬರ್ಕೊಂಡ. ಇಷ್ಟು ಹೊತ್ತು ನೀಲೀಲಿ ಬರೀತಿದ್ದೋನು, ಈಗ ಖುಷಿಯಾಗಿ ಕೆಂಪಲ್ಲಿ ಬರೀತಿದಾನೆ ಅಂದ್ಕೊಂಡೆ."

ಕೇಕಿನ ತಟ್ಟೆಗಳು ಹಾಗೇ ಉಳಿದವು. ಅರ್ಜಿಯ ನಾಲ್ಕನೇ ಪುಟವನ್ನು ತುಂಬಿದ್ದು ನಾನು. ಮಕ್ಕಳ ಸಂಖ್ಯೆ ಎಂಬಲ್ಲಿ ಒಂದು ಎಂದು ಬರೆದಿದ್ದೆ.

ಎರಡು ವಾರಕ್ಕೆ ಕಾಗದ ಬಂತು. ಅರ್ಜಿಯಲ್ಲಿ ಒಂದು ಮಗು ಎಂದಿದೆ, ಸಂದರ್ಶನದಲ್ಲಿ ಎರಡು ಎಂದಿದ್ದೀರಿ, ಒಂದು ಮಗುವನ್ನು ಮರೆಮಾಡಿದ ಬಗ್ಗೆ ವಿಚಾರಣೆಗೆ ಹಾಜರಾಗಿ. ತಪ್ಪು ಮಾಹಿತಿ ಎಂದು ತೀರ್ಮಾನವಾದರೆ ಅರ್ಜಿ ವಜಾ. ಜೊತೆಗೆ ಸಹಿ ಮಾಡಿ ತರಬೇಕಾದ ಹೇಳಿಕೆಯ ಮಾದರಿಯೊಂದನ್ನು ಇಟ್ಟಿದ್ದರು. ಒಂದೇ ಸಾಲು. ಮೊದಲು ಹೆಸರಿಗೆ ಖಾಲಿ ಜಾಗ, ಅದರ ಮುಂದೆ "ನನ್ನ ಮಗಳಲ್ಲ".

ವಿಚಾರಣೆಯ ದಿನಕ್ಕೂ ನನ್ನ ಹುಟ್ಟುಹಬ್ಬಕ್ಕೂ ನಡುವೆ ಒಂಬತ್ತು ದಿನ. ಪ್ರಮಾಣವಚನ ನಡೆಯುವುದು ತಿಂಗಳಿಗೊಂದು ಗುರುವಾರ. ಆ ಗುರುವಾರ ನನ್ನ ಹುಟ್ಟುಹಬ್ಬಕ್ಕೆ ಮೂರು ದಿನ ಮುಂಚೆ ಬಿದ್ದಿತ್ತು. ಅದು ತಪ್ಪಿದರೆ ನನ್ನ ಸೈರನ್ ಮೂರು ವರ್ಷ ಮುಂದಕ್ಕೆ.

"ಸಹಿ ಹಾಕಿಬಿಡು ಅಮ್ಮ. ಚಿಕ್ಕಮ್ಮನ ಹೆಸರಿರೋ ಜನನ ಪತ್ರ ತರಿಸೋಣ. ಎರಡು ನಿಮಿಷದ ಕೆಲಸ."

ಅಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನಾನು ಕಾಗದವನ್ನು ಭಾಷೆ ಬದಲಿಸಿ ಓದಿ ಹೇಳಿದೆ. ಅವಳು ಚಾಕು ಕೆಳಗಿಟ್ಟಳು.

"ನಾನು ಹಾಕಲ್ಲ."

"ಏನು?"

"ಝೆರಾಕ್ಸ್ ನನ್ನ ಮಗಳಲ್ಲ ಅಂತ ಬರೆದು, ಕೆಳಗೆ ನನ್ನ ಹೆಸರು ಹಾಕಲ್ಲ. ಬೇರೆ ಏನಾದ್ರೂ ಬರೀಲಿ."

"ಅಮ್ಮಾ, ಅದು ಬರೀ ಕಾಗದ!"

"ಕಾಗದಾನೇ ಅವಳನ್ನ ಅಲ್ಲಿ ಬಿಟ್ಟಿದ್ದು."

ನನಗೆ ಸಿಟ್ಟು ನೆತ್ತಿಗೇರಿತು. ಹೇಳಬಾರದ ಮಾತನ್ನೇ ಹೇಳಿದೆ. "ಹಾಗಾದ್ರೆ ನನಗಿಂತ ಅವಳೇ ಹೆಚ್ಚಾ ನಿನಗೆ?"

ಅಮ್ಮ ಒಲೆ ಆರಿಸಿ ಹೊರಗೆ ಬಾಲ್ಕನಿಗೆ ಹೋದಳು. ಅಂದು ಊಟಕ್ಕೆ ಬ್ರೆಡ್ಡು, ಮೊಸರು. ಅಪ್ಪ ಒಂದು ಸಲ ಬಾಲ್ಕನಿಗೆ, ಒಂದು ಸಲ ನನ್ನ ಕೋಣೆಗೆ, ಪಂಚಾಯ್ತಿಗೆ ಬಂದವನ ಹಾಗೆ ಓಡಾಡಿದ. ಕೊನೆಗೆ ಅಜ್ಜಿಯ ಮೊರೆ ಹೊಕ್ಕ.

"ನೀನಾದ್ರೂ ಹೇಳಮ್ಮ ಅವಳಿಗೆ."

"ಬರಿ ಅನ್ನೋಕೆ ನನಗೆ ಬಾಯಿ ಬರಲ್ಲ ಕಣೋ. ಆ ಮಗೂಗೆ ಹಾಲು ಕುಡಿಸಿದ ಕೈ ಇದು. ಬರೀಬೇಡ ಅನ್ನೋಣ ಅಂದ್ರೆ ಈ ಹುಡುಗಿ ಮುಖ ನೋಡಕ್ಕಾಗಲ್ಲ. ನನ್ನ ಬಿಟ್ಬಿಡು" ಎಂದಳು ಅಜ್ಜಿ.

ಅಮ್ಮನ ಹಟದ ಹಿಂದೆ ಇನ್ನೊಂದು ಸಂಗತಿ ಇತ್ತು. ಅದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಚಿಕ್ಕಮ್ಮನಿಗೆ ಕಾಯಿಲೆ ಎಂದಾಗ ಅಮ್ಮ ಊರಿಗೆ ಹೋಗಿ ನೂರ ನಲವತ್ತಮೂರು ದಿನ ಆರೈಕೆ ಮಾಡಿ ಬಂದಿದ್ದಳು. ಕಾನೂನಿನ ಲೆಕ್ಕದಲ್ಲಿ ಉಳಿದದ್ದು ಏಳೇ ದಿನ. ಎರಡು ವರ್ಷದ ಹಿಂದೆ ಚಿಕ್ಕಮ್ಮ ತೀರಿಕೊಂಡಾಗ ಹೋಗಿ ಬರಲು ಆ ಏಳು ದಿನ ಸಾಲುತ್ತಿರಲಿಲ್ಲ. ಅಮ್ಮ ಪೆಟ್ಟಿಗೆಗೆ ಬಟ್ಟೆ ತುಂಬಿಯಾಗಿತ್ತು. ಆಗ ಝೆರಾಕ್ಸೇ ಫೋನ್ ಮಾಡಿ, "ಬರಬೇಡ ದೊಡ್ಡಮ್ಮ, ದಿನ ಉಳಿಸ್ಕೋ. ಪುಟ್ಟಿ ಆ್ಯಂಬುಲೆನ್ಸ್ ಓಡಿಸ್ಬೇಕಲ್ಲ. ಇಲ್ಲಿಂದು ನಾನು ನೋಡ್ಕೋತೀನಿ" ಎಂದಿದ್ದಳು. ಪುಟ್ಟಿ ಎಂದರೆ ನಾನು. ಅಮ್ಮ ಬಟ್ಟೆಯನ್ನೆಲ್ಲ ಮತ್ತೆ ಬೀರುವಿಗೆ ಜೋಡಿಸಿ ಮರುದಿನ ಲಾಂಡ್ರಿಗೆ ಹೋಗಿದ್ದಳು.

ಹತ್ತು ದಿನ ನಾನೂ ಅಮ್ಮನೂ ಸರಿಯಾಗಿ ಮಾತಾಡಲಿಲ್ಲ. "ಉಪ್ಪು", "ಬೀಗ", "ಬಸ್ಸು ಬಂತು", ಅಷ್ಟೇ. ಹನ್ನೊಂದನೇ ದಿನ, ಭಾನುವಾರ ಬೆಳಿಗ್ಗೆ, ಅಜ್ಜಿ ನನ್ನ ಕೋಣೆಗೆ ಬಂದು ಫೋನನ್ನು ಕೈಗೆ ತುರುಕಿದಳು.

"ಮಾತಾಡು. ನಾನೇ ಎಲ್ಲಾ ಹೇಳಿದೀನಿ."

ಝೆರಾಕ್ಸಿನ ಅಂಗಡಿಯ ಮಶಿನ್ ಗಿರಗಿರ ಎನ್ನುವುದು ಕೇಳಿಸಿತು. ಅವಳು ನಮಸ್ಕಾರ ಇಲ್ಲ, ಚೆನ್ನಾಗಿದೀಯಾ ಇಲ್ಲ, ಬೈಗುಳದಿಂದಲೇ ಶುರು ಮಾಡಿದಳು.

"ಕತ್ತೆ, ನನಗೆ ಯಾಕೆ ಮೊದಲೇ ಹೇಳ್ಲಿಲ್ಲ? ದಿನಾ ನಲವತ್ತು ಅರ್ಜಿ ಬರೀತೀನಿ ನಾನು. ಅವರ ಅರ್ಜಿ ಹಿಂದ್ಗಡೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿದ್ಯಾ?"

"ಅದನ್ನ ಯಾರು ಓದ್ತಾರೆ?"

"ಯಾರೂ ಓದಲ್ಲ, ಅದಕ್ಕೇ ನನ್ನ ಹೊಟ್ಟೆ ತುಂಬ್ತಿದೆ. 'ಮಗು' ಅಂದ್ರೆ ಯಾರು ಅಂತ ಅವರೇ ಬರೆದಿರ್ತಾರೆ. ಹುಡುಕು. ನಾನು ಕಾಯ್ತೀನಿ."

ಹುಡುಕಿದೆ. ಹದಿನೇಳನೇ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು. 'ಮಗು' ಎಂದರೆ ಅರ್ಜಿದಾರರು ಹೆತ್ತ ಅಥವಾ ಕಾನೂನು ಪ್ರಕಾರ ದತ್ತು ಪಡೆದ ವ್ಯಕ್ತಿ. ನಾನು ಓದುತ್ತಿದ್ದ ಹಾಗೆ ಆ ಕಡೆಯಿಂದ ಚಪ್ಪಾಳೆ ಕೇಳಿಸಿತು.

"ಸಿಕ್ತಲ್ಲ! ಅವರ ಮಾದರೀನ ಒಲೆಗೆ ಹಾಕು. ಈಗ ದೊಡ್ಡಮ್ಮನಿಗೆ ಕೊಡು ಫೋನು. ಸ್ಪೀಕರಿಗೆ ಹಾಕು."

ಅಮ್ಮ ಒದ್ದೆ ಕೈಯಲ್ಲೇ ಬಂದು ನಿಂತಳು.

"ದೊಡ್ಡಮ್ಮ, ನಾನು ನಿನ್ನ ಮಗಳಲ್ಲ ಅಂತ ಬರೀಬೇಡ. ಬರೆದ್ರೆ ನಾನೂ ಸುಮ್ಮನಿರಲ್ಲ. ನನ್ನ ಹೆತ್ತಿಲ್ಲ, ದತ್ತು ತಗೊಂಡಿಲ್ಲ ಅಂತ ಬರಿ. ನಿಜಾನೇ ತಾನೆ?"

"ನಿಜಾನೇ" ಎಂದಳು ಅಮ್ಮ, ಸಣ್ಣ ದನಿಯಲ್ಲಿ.

"ಅವರು ಕೇಳಿರೋದು ಅಷ್ಟೇ. ಸಾಕಿದ್ದನ್ನ ಅವರು ಕೇಳೇ ಇಲ್ಲ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳೋ ಕಣ್ಣು ಒರೆಸಿಕೊಂಡಳೋ, ಎರಡೂ ಒಟ್ಟಿಗೆ ಆಯಿತು. ನಾನು ಹೋಗಿ ಅವಳನ್ನು ಹಿಂದಿನಿಂದ ಗಟ್ಟಿಯಾಗಿ ಅಪ್ಪಿಕೊಂಡೆ. ಕ್ಷಮಿಸು ಎಂದು ಹೇಳಬೇಕೆಂದುಕೊಂಡೆ, ಆದರೆ ಬಾಯಿಂದ ಬಂದದ್ದು "ಹಸಿವಾಗ್ತಿದೆ" ಎಂಬ ಮಾತು. ಅವಳಿಗೆ ಅರ್ಥವಾಯಿತು, ಮೊಟ್ಟೆ ಒಡೆದು ಹಾಕಿದಳು. ಮನೆಯಲ್ಲಿ ಮತ್ತೆ ಗದ್ದಲ ಶುರುವಾಯಿತು.

ಝೆರಾಕ್ಸ್ ಜನನ ಪತ್ರ ಕಳಿಸಿದಳು, ಅದರ ಅನುವಾದ ಮಾಡಿಸಿ ಮುದ್ರೆ ಒತ್ತಿಸಿ ಕಳಿಸಿದಳು, ಚಿಕ್ಕಮ್ಮನ ಮರಣ ಪತ್ರ ಕಳಿಸಿದಳು. ಜೊತೆಗೆ ಹಳೆಯ ಫೋಟೋ ಒಂದು. ಅಕ್ಕ ತಂಗಿ ಇಬ್ಬರೂ ಅಕ್ಕಪಕ್ಕ ನಿಂತು, ನಡುವೆ ಬೋಳುತಲೆಯ ಕೂಸು.

ವಿಚಾರಣೆಗೆ ನನ್ನನ್ನೂ ಕರೆದಿದ್ದರು. ಎರಡು ಪೆನ್ನಿನ ಮನುಷ್ಯನೇ ಕೂತಿದ್ದ. ಮೇಜಿನ ಮೇಲೆ ಒಣಗಿದ ಗಿಡದ ಕುಂಡ, ಒಂದು ನೀರಿನ ಜಗ್ಗು. ಅಮ್ಮ ತನ್ನ ಹೇಳಿಕೆ ಕೊಟ್ಟಳು. ಅವನು ಎರಡು ಸಲ ಓದಿದ. ಆಮೇಲೆ ಫೋಟೋ ಹಿಡಿದು ಅಮ್ಮನನ್ನೂ ಫೋಟೋವನ್ನೂ ನಾಲ್ಕು ಸಲ ನೋಡಿದ.

"ಇದರಲ್ಲಿ ನೀವು ಯಾರು?"

"ಎಡಗಡೆ ಇರೋಳು."

"ಕೂಸು ಹೆತ್ತವರು?"

"ಬಲಗಡೆ. ನನ್ನ ತಂಗಿ."

"ಇಬ್ಬರೂ ಒಂದೇ ಥರ ಇದೀರಲ್ಲ!"

"ಅದನ್ನೇ ಸಾರ್ ಅವತ್ತು ನಾನು ಹೇಳಿದ್ದು."

ಅವನು ಬಿಳಿ ಹಾಳೆ ತೆಗೆದು ಚೌಕಗಳನ್ನು ಬರೆಯಲು ಕೂತ. ಅಮ್ಮನ ಚೌಕ, ಚಿಕ್ಕಮ್ಮನ ಚೌಕ, ಕೆಳಗೆ ನಾನು, ಪಕ್ಕದಲ್ಲಿ ಝೆರಾಕ್ಸ್. ಅಮ್ಮನಿಗೆ ಪಾಠ ಮಾಡುವ ಹುಮ್ಮಸ್ಸು ಬಂತು. ತಾಯಿಯ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ, ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ, ಎಂದು ಬೆರಳು ಮಡಿಸುತ್ತ ಹೋದಳು. ಅವನ ಹಾಳೆ ತುಂಬಿತು.

"ಹಾಗಾದರೆ ಒಬ್ಬರಿಗೆ ಎಷ್ಟು ಜನ ತಾಯಂದಿರು ಇರಬಹುದು?"

"ನನಗೆ ಐದು ಜನ ಇದ್ರು ಸಾರ್. ಹೆತ್ತಿದ್ದು ಒಬ್ಬಳು. ಹೊಡೆದಿದ್ದು ಐದೂ ಜನ."

ಅವನು ನಕ್ಕ. ಆಮೇಲೆ ಗಂಭೀರವಾಗಿ, ದಾಖಲೆಗಾಗಿ ಇನ್ನೊಂದು ಸಲ ಕೇಳುತ್ತೇನೆ ಎಂದ. "ನಿಮಗೆ ಎಷ್ಟು ಮಕ್ಕಳು?"

ಅಮ್ಮ ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಕೂತು ನಿಧಾನವಾಗಿ ಹೇಳಿದಳು. "ಹೆತ್ತಿದ್ದು ಒಬ್ಬಳನ್ನ."

ಅವನು ನೀಲಿ ಪೆನ್ನಿನಲ್ಲಿ ಬರೆದುಕೊಂಡ. ಇನ್ನೇನು ಮುಗಿಯಿತು ಎಂದು ನಾನು ಚೀಲ ತೆಗೆದುಕೊಳ್ಳುವಷ್ಟರಲ್ಲಿ ನನ್ನ ಕಡೆ ತಿರುಗಿದ. ಹುಟ್ಟಿದ ದಿನ ಕೇಳಿದ, ಹೇಳಿದೆ. ಶಾಲೆ ಕೇಳಿದ, ಹೇಳಿದೆ. ಅವರ ಭಾಷೆ ನನಗೆ ನೀರು ಕುಡಿದಷ್ಟು ಸುಲಭ.

"ಅಕ್ಕ ತಂಗಿ, ಅಣ್ಣ ತಮ್ಮ ಯಾರಾದರೂ ಇದ್ದಾರಾ?"

"ಒಬ್ಬಳು ಅಕ್ಕ ಇದಾಳೆ" ಎಂದೆ.

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆನೆಂದು. ಐದು ವಾರ ಅಮ್ಮನಿಗೆ ಬುದ್ಧಿ ಹೇಳಿದವಳು ನಾನು. ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅವನ ಕೈ ಕೆಂಪು ಪೆನ್ನಿನ ಕಡೆಗೆ ಹೋಯಿತು. ಆದರೂ ಇಲ್ಲ ಎಂದು ತಿದ್ದಿ ಹೇಳಲು ನಾಲಿಗೆ ಹೊರಳಲಿಲ್ಲ.

ಅವನು ಕೆಂಪು ಪೆನ್ನಿನ ತುದಿಯಿಂದ ಹಾಳೆಯ ಮೇಲಿನ ಚೌಕವನ್ನು ತೋರಿಸಿದ. "ಇವಳಾ?"

"ಹೌದು. ಅವಳೇ."

"ನಿಮ್ಮ ಭಾಷೆಯಲ್ಲಿ ಇಂಥ ಸಂಬಂಧಕ್ಕೆ ಬೇರೆ ಪದ ಇಲ್ಲವಾ?"

ನಾನು ಯೋಚಿಸಿದೆ. ಉತ್ತರ ಕೊಟ್ಟಿದ್ದು ಅಮ್ಮ.

"ಇಲ್ಲ ಸಾರ್. ಬೇಕಾಗ್ಲಿಲ್ಲ."

ಅವನು ಅಮ್ಮನನ್ನು ಒಂದು ಗಳಿಗೆ ನೋಡಿದ. ಆಮೇಲೆ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ. ಚೌಕಗಳ ಹಾಳೆಯನ್ನು ನಮ್ಮ ಕಡತಕ್ಕೆ ಪಿನ್ನು ಹಾಕಿ ಸೇರಿಸಿ, "ಗುರುವಾರ ಹತ್ತು ಗಂಟೆಗೆ ಬನ್ನಿ. ತಡ ಮಾಡಬೇಡಿ" ಎಂದ.

ರಸ್ತೆಗೆ ಬಂದಮೇಲೆ ಅಮ್ಮ ನನ್ನ ಬೆನ್ನಿಗೆ ಒಂದು ಗುದ್ದಿದಳು. "ನನಗೆ ಹೇಳ್ತಿದ್ದೆ!" ಎಂದು ನಗುತ್ತ ನಗುತ್ತ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತುಬಿಟ್ಟಳು. ನಗು ನಿಲ್ಲುವ ತನಕ ಎರಡು ಬಸ್ಸು ಹೋದವು.

ಗುರುವಾರ ಅಪ್ಪ ರಜೆ ಹಾಕಿದ. ಅಜ್ಜಿ ಬರುವುದಿಲ್ಲ ಬರುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಸಭಾಂಗಣದಲ್ಲಿ ಎಪ್ಪತ್ತು ಎಂಬತ್ತು ಜನ, ಹತ್ತಿಪ್ಪತ್ತು ಭಾಷೆ. ಎಲ್ಲರೂ ಎದ್ದು ನಿಂತು ಬಲಗೈ ಎತ್ತಿದರು. ಅಮ್ಮನ ಕೈ ರೋಲರಿನ ಬಿಸಿಗೆ ಮೊಣಕೈ ತನಕ ಕಂದಿ ಹೋಗಿದೆ. ಆ ಕೈ ಎಲ್ಲರಿಗಿಂತ ಎತ್ತರದಲ್ಲಿ ಇತ್ತು. ಪ್ರಮಾಣದ ಮಾತನ್ನು ಅವಳು ಲಾಂಡ್ರಿಯ ಗದ್ದಲದಲ್ಲಿ ಕೂಗಿ ಅಭ್ಯಾಸವಾದವಳಂತೆ ಜೋರಾಗಿ ಹೇಳಿದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳ ಪತ್ರದ ಹಿಂದೆಯೇ ನನ್ನ ಪತ್ರ ಬಂತು. ನಾನು ಅಲ್ಲಿಂದಲೇ ಅದರ ಚಿತ್ರ ತೆಗೆದು ಆ್ಯಂಬುಲೆನ್ಸ್ ಶಾಲೆಗೆ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು. ಸೋಮವಾರ ಏಳು ಗಂಟೆಗೆ ಬನ್ನಿ, ಬೂಟು ಹಾಕಿಕೊಂಡು.

ಮನೆಗೆ ಬಂದಮೇಲೆ ಅಪ್ಪ ಚಹಾ ಮಾಡಿದ. ಅಮ್ಮನ ಪತ್ರ ಅಜ್ಜಿಯ ಕೈಯಲ್ಲಿತ್ತು.

"ಈಗ ಅತ್ತೆ ಒಂದು ದೇಶ, ಸೊಸೆ ಒಂದು ದೇಶ ಆಯ್ತಲ್ಲ" ಎಂದ ಅಪ್ಪ.

"ಆ ಅಡುಗೆಮನೇಲಿ ಯಾವಾಗಲೂ ಎರಡು ದೇಶಾನೇ ಇದ್ದಿದ್ದು" ಎಂದಳು ಅಜ್ಜಿ. "ಈಗ ಕಾಗದಕ್ಕೆ ಬಂತು, ಅಷ್ಟೇ."

ತಿಂಗಳಿಗೆ ಅಮ್ಮನ ಪಾಸ್‌ಪೋರ್ಟ್ ಬಂತು. ಗಟ್ಟಿ ರಟ್ಟು, ಒಳಗೆ ಒಂದೂ ಮುದ್ರೆ ಬೀಳದ ಹಾಳೆಗಳು. ಲಾಂಡ್ರಿಗೆ ಒಯ್ದು ಗೆಳತಿಗೆ ತೋರಿಸಿದಳು, ಮೇಲ್ಮನೆಯವರಿಗೂ ತೋರಿಸಿದಳು. ಇನ್ನು ದಿನ ಎಣಿಸಬೇಕಾಗಿಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಅಮ್ಮ ಒಂದು ತಿಂಗಳ ರಜೆ ಬರೆದುಕೊಟ್ಟು ಬಂದಳು, ಹನ್ನೊಂದು ವರ್ಷದಲ್ಲಿ ಎರಡನೇ ಸಲ.

ಊರಿಗೆ ಹೋಗಲು ಈಗ ಅವಳಿಗೆ ವೀಸಾ ಬೇಕು. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಆಗಿತ್ತು. ಹುಟ್ಟಿದ ಊರಿಗೆ ಹೋಗಲು ಅರ್ಜಿ ಹಾಕಬೇಕು ಎಂದಾಗ ಅಜ್ಜಿ ಒಂದು ಗಂಟೆ ಬೈದಳು. ಅಮ್ಮ ಬೈಯಲಿಲ್ಲ. ಕಾಗದ ತರಿಸಿ, ಊಟದ ಮೇಜು ಒರೆಸಿ, ಪೆನ್ನು ಹಿಡಿದು ಕೂತಳು. ಈ ಸಲ ನನ್ನನ್ನು ಕರೆಯಲಿಲ್ಲ. ನಾನು ಬೂಟು ಪಾಲಿಶ್ ಮಾಡುತ್ತ ಅವ‍ಳ ಭುಜದ ಮೇಲಿಂದ ಇಣುಕಿದೆ.

ಯಾರನ್ನು ಭೇಟಿ ಮಾಡಲು ಹೋಗುತ್ತಿದ್ದೀರಿ ಎಂಬಲ್ಲಿ ಝೆರಾಕ್ಸಿನ ಪೂರ್ತಿ ಹೆಸರು ಬರೆದಿದ್ದಳು. ಪಕ್ಕದಲ್ಲಿ ಸಂಬಂಧ ಎಂಬ ಜಾಗ. ಅಲ್ಲಿ ಒಂದು ಕ್ಷಣವೂ ತಡೆಯದೆ ದೊಡ್ಡ ಅಕ್ಷರದಲ್ಲಿ ಬರೆದಳು. ಮಗಳು.

"ಅಮ್ಮಾ! ಮತ್ತೆ ಶುರು ಮಾಡಿದ್ಯಾ?"

ಅಮ್ಮ ತಲೆ ಎತ್ತಲಿಲ್ಲ. ಕೆಳಗೆ ಸಹಿ ಹಾಕಿ ಪೆನ್ನಿಗೆ ಮುಚ್ಚಳ ಹಾಕಿದಳು.

"ಇದು ಊರಿನ ಆಫೀಸು ಕಣೇ" ಎಂದಳು. "ಅವರಿಗೆ ಗೊತ್ತಾಗುತ್ತೆ."